ಕಾರ್ಡಿನ ಸಾಲ ತೀರಿಸಲು ತಿಂಗಳ ಲೆಕ್ಕ ಸಾಲದು, ವರ್ಷದ ಲೆಕ್ಕ ಬೇಕು

ನಮ್ಮ ಮನೆಯ ಎರಡು ಕ್ರೆಡಿಟ್ ಕಾರ್ಡುಗಳ ಮೇಲೆ ಒಟ್ಟು 80,000 ರೂಪಾಯಿ ಬಾಕಿ ನಿಂತಿದ್ದ ಕಾಲದಲ್ಲಿ, ಕಲಬುರಗಿಯ ಗಂಜಿನ, ಅಂದರೆ ಧಾನ್ಯದ ಮಾರುಕಟ್ಟೆಯ, ಅಡತಿ ಅಂಗಡಿಯೊಂದರಲ್ಲಿ ಬಹಳ ವರ್ಷ ಲೆಕ್ಕ ಬರೆದು ನಿವೃತ್ತರಾದ ನಮ್ಮ ಕಾಕಾ ಒಂದು ಸಂಜೆ ಮನೆಗೆ ಬಂದಿದ್ದರು. ಮೇಜಿನ ಮೇಲಿದ್ದ ಸ್ಟೇಟ್‌ಮೆಂಟ್ ನೋಡಿ ಬಡ್ಡಿ ಎಷ್ಟೆಂದು ಕೇಳಿದರು. ವರ್ಷಕ್ಕೆ ಶೇ 42 ಎಂದೆ. "ವರ್ಷದ್ದು ಬ್ಯಾಡವ್ವ, ತಿಂಗಳಿಗಿ ನೂರಕ್ಕ ಎಷ್ಟು ರೂಪಾಯಿ ಹೇಳು" ಎಂದರು. ಮೂರೂವರೆ ಎಂದೆ. ಅವರು ಚಹಾದ ಬಸಿಯನ್ನು ಕೆಳಗಿಟ್ಟು, "ಗಂಜಿನ್ಯಾಗ ಎರಡ್ರೂಪಾಯಿ ಬಡ್ಡಿಗಿ ರೊಕ್ಕ ತಗೊಂಡಾವನೇ ರಾತ್ರಿ ನಿದ್ದಿ ಮಾಡಂಗಿಲ್ಲ" ಎಂದಷ್ಟೇ ಹೇಳಿದರು.

ಆ ಒಂದು ಮಾತಿನಿಂದ ನಮಗೆ ಕಾರ್ಡಿನ ಸಾಲ ಮೊದಲ ಬಾರಿಗೆ ಸಾಲದಂತೆ ಕಂಡಿತು. ಶೇಕಡಾವಾರು ಲೆಕ್ಕದಲ್ಲಿ ಕೇಳಿದಾಗ ಮನಸ್ಸಿಗೆ ತಾಕದ ಅಂಕಿ, ನಮ್ಮ ಭಾಗದ ಜನ ಕೈಗಡಕ್ಕೂ ಗಿರವಿಗೂ ಬಳಸುವ "ನೂರಕ್ಕೆ ಇಷ್ಟು ರೂಪಾಯಿ" ಎಂಬ ಲೆಕ್ಕದಲ್ಲಿ ಹೇಳಿದ ಕೂಡಲೇ ತಾಕಿತು. ಆದ್ದರಿಂದ ಸಾಲ ತೀರಿಸಲು ಹೊರಟವರು ಮೊದಲು ಮಾಡಬೇಕಾದ ಕೆಲಸ ಇದೇ: ಸ್ಟೇಟ್‌ಮೆಂಟಿನಲ್ಲಿ ತಿಂಗಳ ಬಡ್ಡಿಯ ದರ ಎಲ್ಲಿದೆ ಎಂದು ಹುಡುಕಿ, ಅದನ್ನು ನೂರಕ್ಕೆ ಎಷ್ಟು ರೂಪಾಯಿ ಎಂದು ಒಂದು ನೋಟುಬುಕ್ಕಿನ ಮೊದಲ ಪುಟದಲ್ಲಿ ದೊಡ್ಡದಾಗಿ ಬರೆದಿಡಬೇಕು. ನಮ್ಮ ದೇಶದ ಬಹುತೇಕ ಕಾರ್ಡುಗಳಲ್ಲಿ ಅದು 3 ರಿಂದ 3.75 ರೂಪಾಯಿಯ ನಡುವೆ ಇರುತ್ತದೆ. ಇದರ ಮೇಲೆ ಬಡ್ಡಿಯ ಮೊತ್ತಕ್ಕೆ ಶೇ 18 ಜಿಎಸ್‌ಟಿ ಬೇರೆ ಬೀಳುವುದರಿಂದ, ಮೂರೂವರೆ ರೂಪಾಯಿ ಬಡ್ಡಿ ಎಂದರೆ ನಾವು ನಿಜವಾಗಿ ಕೊಡುವುದು ನೂರಕ್ಕೆ 4 ರೂಪಾಯಿ 13 ಪೈಸೆ.

ಇಷ್ಟು ಬಡ್ಡಿಗೆ ಕಾನೂನಿನ ಮಿತಿ ಇರಬೇಕಲ್ಲವೇ ಎಂದು ಹಲವರು ಕೇಳುತ್ತಾರೆ. 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗವು ವರ್ಷಕ್ಕೆ ಶೇ 30ಕ್ಕಿಂತ ಹೆಚ್ಚಿನ ಕಾರ್ಡ್ ಬಡ್ಡಿಯನ್ನು ಅನುಚಿತ ವ್ಯಾಪಾರ ಪದ್ಧತಿ ಎಂದು ಹೇಳಿತ್ತು. ಆದರೆ 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದುಗೊಳಿಸಿತು. ಹೀಗಾಗಿ ಬಡ್ಡಿ ಕಡಿಮೆಯಾಗುತ್ತದೆ ಎಂದು ಕಾಯುತ್ತ ಕೂರುವುದರಲ್ಲಿ ಅರ್ಥವಿಲ್ಲ.

ಕನಿಷ್ಠ ಬಾಕಿ ಎಂಬ ಸಾಲು

ಸ್ಟೇಟ್‌ಮೆಂಟಿನಲ್ಲಿ ಎರಡು ಮೊತ್ತಗಳಿರುತ್ತವೆ: ಒಟ್ಟು ಬಾಕಿ ಮತ್ತು ಕನಿಷ್ಠ ಬಾಕಿ. ಈ ಎರಡನೆಯದನ್ನು ಎಲ್ಲರೂ ಮಿನಿಮಮ್ ಎನ್ನುತ್ತಾರೆ, ಮತ್ತು ಅದನ್ನು ಕಟ್ಟಿದರೆ ಆ ತಿಂಗಳ ಕೆಲಸ ಮುಗಿಯಿತೆಂದು ನೆಮ್ಮದಿ ಪಡುತ್ತಾರೆ. ನಾವೂ ಹಾಗೆಯೇ ಹದಿಮೂರು ತಿಂಗಳು ಕಟ್ಟಿದೆವು. ಅದರಿಂದ ಏನಾಗುತ್ತದೆ ಎಂಬುದನ್ನು ಯಾರಾದರೂ ಕಾಗದದ ಮೇಲೆ ಬರೆದು ತೋರಿಸಿದ್ದರೆ ಮೊದಲ ತಿಂಗಳೇ ನಿಲ್ಲಿಸುತ್ತಿದ್ದೆವು. ಆದ್ದರಿಂದ ಇಲ್ಲಿ ಬರೆದು ತೋರಿಸುತ್ತೇನೆ.

ಬಾಕಿ 80,000 ರೂಪಾಯಿ, ಬಡ್ಡಿ ನೂರಕ್ಕೆ ಮೂರೂವರೆ ಎಂದುಕೊಳ್ಳಿ. ಒಂದು ತಿಂಗಳ ಬಡ್ಡಿ 2,800 ರೂಪಾಯಿ, ಅದರ ಮೇಲಿನ ಜಿಎಸ್‌ಟಿ 504 ರೂಪಾಯಿ, ಒಟ್ಟು 3,304 ರೂಪಾಯಿ. ಅನೇಕ ಬ್ಯಾಂಕುಗಳಲ್ಲಿ ಕನಿಷ್ಠ ಬಾಕಿ ಒಟ್ಟು ಮೊತ್ತದ ಸುಮಾರು ಶೇ 5 ಇರುತ್ತದೆ. ಅಂದರೆ 4,000 ರೂಪಾಯಿ. ನೀವು ಕಷ್ಟಪಟ್ಟು ಹೊಂದಿಸಿ ಕಟ್ಟಿದ ಆ 4,000 ರೂಪಾಯಿಯಲ್ಲಿ ಅಸಲಿಗೆ ಹೋಗುವುದು 696 ರೂಪಾಯಿ ಮಾತ್ರ. ಹೀಗೆಯೇ ಒಂದು ವರ್ಷ ಪ್ರತಿ ತಿಂಗಳು ಶೇ 5 ಕಟ್ಟುತ್ತ ಹೋದರೆ, ವರ್ಷದ ಕೊನೆಗೆ ಕೈಯಿಂದ ಸುಮಾರು 45,700 ರೂಪಾಯಿ ಹೋಗಿರುತ್ತದೆ, ಸಾಲ ಮಾತ್ರ 72,000ದ ಹತ್ತಿರ ನಿಂತಿರುತ್ತದೆ.

ಅದೇ 80,000ಕ್ಕೆ, ಕಾರ್ಡನ್ನು ಮತ್ತೆ ಬಳಸದೆ, ಪ್ರತಿ ತಿಂಗಳು ಬದಲಾಗದ ಒಂದು ಮೊತ್ತ ಕಟ್ಟಿದರೆ ಚಿತ್ರವೇ ಬೇರೆ. ತಿಂಗಳಿಗೆ 5,000 ಕಟ್ಟಿದರೆ 27 ತಿಂಗಳಲ್ಲಿ ತೀರುತ್ತದೆ, ಒಟ್ಟು ಕಟ್ಟುವುದು ಸುಮಾರು 1,33,600. ತಿಂಗಳಿಗೆ 7,500 ಕಟ್ಟಿದರೆ 15 ತಿಂಗಳು, ಒಟ್ಟು ಸುಮಾರು 1,07,500. ತಿಂಗಳಿಗೆ 9,000 ಕಟ್ಟಿದರೆ 12 ತಿಂಗಳು, ಒಟ್ಟು ಸುಮಾರು 1,01,700. ತಿಂಗಳಿಗೆ 5,000ದ ಬದಲು 7,500 ಹೊಂದಿಸಿದ ಮನೆಗೆ ಒಂದು ವರ್ಷದ ಅವಧಿ ಮತ್ತು ಸುಮಾರು 26,000 ರೂಪಾಯಿ ಉಳಿಯುತ್ತದೆ. ಆ ಹೆಚ್ಚುವರಿ 2,500 ರೂಪಾಯಿಯನ್ನು ಮನೆಯ ಖರ್ಚಿನಿಂದ ಹೇಗೆ ಬಿಡಿಸುವುದು ಎಂಬುದೇ ಬಜೆಟ್ಟಿನ ನಿಜವಾದ ಪ್ರಶ್ನೆ.

ಬಜೆಟ್ಟಿಗೆ ಹೋಗುವ ಮುನ್ನ ಕಾರ್ಡಿನ ಬಳಕೆಯನ್ನು ಪೂರ್ತಿ ನಿಲ್ಲಿಸಬೇಕು, ಇದಕ್ಕೆ ಬಲವಾದ ಕಾರಣವಿದೆ. ಪೂರ್ತಿ ಬಾಕಿ ಕಟ್ಟುವವರಿಗೆ ಕಾರ್ಡು 20 ರಿಂದ 50 ದಿನ ಬಡ್ಡಿಯಿಲ್ಲದೆ ಹಣ ಕೊಡುತ್ತದೆ ಎಂಬುದು ನಿಜ. ಆದರೆ ಹಿಂದಿನ ಬಾಕಿ ಉಳಿದಿದ್ದರೆ ಆ ಸೌಲಭ್ಯ ಇರುವುದಿಲ್ಲ. ಹೊಸದಾಗಿ ಕೊಂಡ ವಸ್ತುವಿಗೆ ಕೊಂಡ ದಿನದಿಂದಲೇ ಬಡ್ಡಿ ಶುರುವಾಗುತ್ತದೆ. ಸಾಲವಿರುವ ಕಾರ್ಡಿನಲ್ಲಿ ಇಂದು 500 ರೂಪಾಯಿಯ ಕಿರಾಣಿ ತಂದರೆ ಇಂದಿನಿಂದಲೇ ಅದಕ್ಕೆ ಬಡ್ಡಿ. ಎಟಿಎಂನಲ್ಲಿ ಕಾರ್ಡಿನಿಂದ ನಗದು ತೆಗೆದರಂತೂ ಬಾಕಿ ಇರಲಿ, ಇಲ್ಲದಿರಲಿ, ಮೊದಲ ದಿನದಿಂದ ಬಡ್ಡಿ ಮತ್ತು ಅದರ ಮೇಲೆ ಶುಲ್ಕ. ಆದ್ದರಿಂದ ಫೋನಿನ ಎಲ್ಲ ಆ್ಯಪ್‌ಗಳಿಂದ ಕಾರ್ಡಿನ ನಂಬರ್ ತೆಗೆದುಹಾಕಿ, ಪ್ರತಿ ತಿಂಗಳು ತಾನಾಗಿ ಕಡಿತವಾಗುವ ರೀಚಾರ್ಜ್ ಮತ್ತು ಚಂದಾಗಳನ್ನು ನಿಲ್ಲಿಸಿ, ಬ್ಯಾಂಕಿನ ಆ್ಯಪ್‌ನಲ್ಲಿ ಆನ್‌ಲೈನ್ ಬಳಕೆ ಮತ್ತು ಅಂಗಡಿಯ ಬಳಕೆ ಎರಡನ್ನೂ ಬಂದ್ ಮಾಡಿಡಿ. ನಾವು ಎರಡೂ ಕಾರ್ಡುಗಳನ್ನು ಲಕೋಟೆಯಲ್ಲಿ ಹಾಕಿ, ಅಂಟಿಸಿ, ಬೀರುವಿನಲ್ಲಿ ಮನೆಯ ಕಾಗದಪತ್ರಗಳ ಜೊತೆ ಇಟ್ಟೆವು.

ಸಾಲ ಎಲ್ಲಿಂದ ಬಂತು

ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಹೆಚ್ಚಿನ ಮನೆಗಳ ಬಜೆಟ್ ಸೋಲುವುದು ಈ ಜಾಗದಲ್ಲಿ. ನಮ್ಮ ಮನೆಯವರು ಖಾಸಗಿ ಕಾಲೇಜಿನಲ್ಲಿ ಕೆಲಸ ಮಾಡುತ್ತಾರೆ, ಕೈಗೆ ಬರುವ ಪಗಾರ 38,000 ರೂಪಾಯಿ. ನನ್ನ ಹೊಲಿಗೆಯಿಂದ ತಿಂಗಳಿಗೆ ಸರಾಸರಿ 4,000 ಬರುತ್ತದೆ. ಖರ್ಚು ಬರೆದಾಗ ಬಾಡಿಗೆ 8,000, ಜೋಳ ಮತ್ತು ಕಿರಾಣಿ 7,000, ಹಾಲು ತರಕಾರಿ 4,000, ಗ್ಯಾಸ್ ಕರೆಂಟ್ ನೀರು ಮೊಬೈಲ್ ಎಲ್ಲ ಸೇರಿ 2,500, ಮಕ್ಕಳ ಶಾಲೆಯ ತಿಂಗಳ ಫೀ ಮತ್ತು ವ್ಯಾನ್ 4,500, ಪೆಟ್ರೋಲ್ 2,500, ಆಳಂದ ತಾಲ್ಲೂಕಿನ ಹಳ್ಳಿಯಲ್ಲಿರುವ ಅತ್ತೆ ಮಾವನವರಿಗೆ 3,000, ಔಷಧ 1,000 ಆಯಿತು. ಒಟ್ಟು 32,500. ಅಂದರೆ ತಿಂಗಳಿಗೆ 9,500 ಉಳಿಯಬೇಕು. ಉಳಿಯಬೇಕಾದ ಮನೆಯಲ್ಲಿ 80,000 ಸಾಲ ಹೇಗಾಯಿತು?

ಅದನ್ನು ತಿಳಿಯಲು ಹಿಂದಿನ 12 ತಿಂಗಳ ಕಾರ್ಡ್ ಸ್ಟೇಟ್‌ಮೆಂಟುಗಳನ್ನು ಪ್ರಿಂಟ್ ತೆಗೆಸಿ, ನಡುಮನೆಯ ನೆಲದ ಮೇಲೆ ಹರಡಿ, ಕೆಂಪು ಪೆನ್ನಿನಿಂದ ದೊಡ್ಡ ಖರ್ಚುಗಳನ್ನಷ್ಟೇ ಗುರುತು ಮಾಡಿದೆವು. ಜೂನ್‌ನಲ್ಲಿ ಶಾಲೆಯ ಪ್ರವೇಶ, ಪುಸ್ತಕ ಮತ್ತು ಯೂನಿಫಾರ್ಮ್. ಏಪ್ರಿಲ್‌ನಲ್ಲಿ ಕೂಲರ್. ಮೇ ತಿಂಗಳಲ್ಲಿ ಎರಡು ಮದುವೆಗಳ ಆಯೇರಿ (ಉಡುಗೊರೆ) ಮತ್ತು ಬಟ್ಟೆ. ನಾಗರ ಪಂಚಮಿಗೆ ನನ್ನ ನಾದಿನಿ ತವರಿಗೆ ಬಂದಾಗಿನ ಸೀರೆ. ದೀಪಾವಳಿ. ಬೈಕಿನ ವಿಮೆ. ಮಾವನವರನ್ನು ಸೊಲ್ಲಾಪುರದ ಆಸ್ಪತ್ರೆಗೆ ಕರೆದುಕೊಂಡು ಹೋದದ್ದು. ಕಾರ್ಡಿನ ಸಾಲದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಇಂಥ ಖರ್ಚುಗಳದೇ ಆಗಿತ್ತು. ಇವುಗಳಲ್ಲಿ ಸೊಲ್ಲಾಪುರದ್ದು ಒಂದನ್ನು ಬಿಟ್ಟರೆ ಯಾವುದೂ ಅನಿರೀಕ್ಷಿತವಲ್ಲ. ಜೂನ್‌ನಲ್ಲಿ ಶಾಲೆ ತೆರೆಯುತ್ತದೆ ಎಂದು ನಮಗೆ ಜನವರಿಯಲ್ಲೇ ಗೊತ್ತಿತ್ತು. ಕಲಬುರಗಿಯಲ್ಲಿ ಬೇಸಿಗೆ ಬರುತ್ತದೆ ಎಂದು ಯಾರೂ ಹೇಳಬೇಕಾಗಿಲ್ಲ. ಆದರೆ ಪಗಾರ ತಿಂಗಳಿಗೊಮ್ಮೆ ಬರುವುದರಿಂದ ನಾವು ತಿಂಗಳ ಖರ್ಚನ್ನು ಮಾತ್ರ ಖರ್ಚೆಂದು ಎಣಿಸುತ್ತಿದ್ದೆವು, ವರ್ಷಕ್ಕೊಮ್ಮೆ ಬರುವ ಖರ್ಚೆಲ್ಲ ಕಾರ್ಡಿನ ಪಾಲಾಗುತ್ತಿತ್ತು. ತೊಗರಿ ರಾಶಿಯಾದಾಗಲೇ ಮುಂದಿನ ಮುಂಗಾರಿನ ಬೀಜ ಗೊಬ್ಬರಕ್ಕೆ ಹಣ ತೆಗೆದಿಡುವ ರೈತನ ಮನೆಯಲ್ಲಿ ಹುಟ್ಟಿದ ನಾವು, ಪಗಾರದ ಮನೆಗೆ ಬಂದ ಮೇಲೆ ಆ ಕ್ರಮವನ್ನು ಬಿಟ್ಟುಬಿಟ್ಟಿದ್ದೆವು.

ಹಾಗಾಗಿ ನೋಟುಬುಕ್ಕಿನ ಎರಡನೆಯ ಪುಟದಲ್ಲಿ ಹನ್ನೆರಡು ತಿಂಗಳುಗಳ ಹೆಸರು ಬರೆದು, ಪ್ರತಿ ತಿಂಗಳ ಮುಂದೆ ಆ ತಿಂಗಳಿಗೇ ಸೇರಿದ ವಿಶೇಷ ಖರ್ಚನ್ನು ಬರೆಯಿರಿ. ನಮ್ಮ ಭಾಗದ ಮನೆಯಾದರೆ ಯುಗಾದಿ, ಶರಣಬಸವೇಶ್ವರ ಜಾತ್ರೆ ಅಥವಾ ಬಂದೇನವಾಜ್ ಉರುಸ್, ಬೇಸಿಗೆಯ ಕೂಲರ್ ಮತ್ತು ಕರೆಂಟ್, ಮದುವೆಯ ಕಾಲ, ಶಾಲೆ, ಪಂಚಮಿ, ಶ್ರಾವಣ, ದಸರಾ, ದೀಪಾವಳಿ, ಎಳ್ಳಮಾವಾಸ್ಯೆಯ ಚರಗ, ವಾಹನ ವಿಮೆ, ಜೀವವಿಮೆಯ ಕಂತು ಇವೆಲ್ಲ ಬರುತ್ತವೆ. ನಮ್ಮ ಪಟ್ಟಿಯಲ್ಲಿ ಶಾಲೆಗೆ 12,000, ಎಲ್ಲ ಹಬ್ಬಗಳಿಗೆ 8,000, ಆಸ್ಪತ್ರೆಗೆಂದು 5,000, ಬೈಕಿನ ವಿಮೆ ಮತ್ತು ಸರ್ವಿಸ್‌ಗೆ 4,000, ಮದುವೆಗಳಿಗೆ 4,000, ಬೇಸಿಗೆಯ ಹೆಚ್ಚುವರಿ ಖರ್ಚಿಗೆ 3,000 ಬಂತು. ಒಟ್ಟು 36,000, ಅಂದರೆ ತಿಂಗಳಿಗೆ 3,000. ಈ 3,000 ರೂಪಾಯಿಯನ್ನು ಪಗಾರ ಬಂದ ದಿನವೇ ಬೇರೆ ಬ್ಯಾಂಕಿನ ಉಳಿತಾಯ ಖಾತೆಗೆ ಹಾಕಿ, ಆ ಖಾತೆಯನ್ನು ಫೋನಿನ ಯುಪಿಐಗೆ ಜೋಡಿಸದೆ ಇಟ್ಟೆವು. ಸಾಲವಿರುವಾಗ ಹಣ ಕೂಡಿಡುವುದೇಕೆ, ಅದನ್ನೂ ಕಾರ್ಡಿಗೇ ಕಟ್ಟಬಾರದೇ ಎಂದು ನಮ್ಮ ಮನೆಯವರು ವಾದಿಸಿದರು. ಲೆಕ್ಕದ ದೃಷ್ಟಿಯಿಂದ ಅವರ ಮಾತಿನಲ್ಲಿ ಹುರುಳಿದೆ. ಆದರೆ ಜೂನ್ ಬಂದಾಗ ಕೈಯಲ್ಲಿ ನಗದು ಇಲ್ಲದ ಮನೆ ಮತ್ತೆ ಲಕೋಟೆ ಹರಿದು ಕಾರ್ಡು ತೆಗೆಯುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ. ಅದೇ ಕಾರಣಕ್ಕೆ, ಮನೆಯಲ್ಲಿ ಚಿಕ್ಕ ಮಕ್ಕಳೋ ವಯಸ್ಸಾದವರೋ ಇದ್ದರೆ, ಸಾಲದ ಮೇಲೆ ಜೋರು ಮಾಡುವ ಮುನ್ನ 10,000 ರೂಪಾಯಿಯಷ್ಟನ್ನು ಆಪತ್ತಿಗೆಂದು ಪಕ್ಕಕ್ಕಿಡುವುದು ಒಳ್ಳೆಯದು.

ಪಗಾರದ ದಿನ

ಈಗ 9,500ರಲ್ಲಿ ವರ್ಷದ ಖರ್ಚಿನ 3,000 ಕಳೆದರೆ ಕಾರ್ಡಿಗೆ ಉಳಿಯುವುದು 6,500. ಅದನ್ನು 7,500 ಮಾಡಲು ಇನ್ನೊಂದು ಸಾವಿರ ಬೇಕಿತ್ತು. ಅದಕ್ಕೂ ಮುನ್ನ, ಆ 6,500 ಕೂಡ ಹಿಂದೆ ಪೂರ್ತಿ ಉಳಿಯುತ್ತಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಮಿನಿಮಮ್ ಕಟ್ಟಿದ ಮೇಲೆ ಉಳಿದದ್ದು ಹತ್ತು, ಐವತ್ತು, ಇನ್ನೂರು ರೂಪಾಯಿಗಳಲ್ಲಿ ಫೋನಿನಿಂದ ಸೋರಿಹೋಗುತ್ತಿತ್ತು. ಒಂದು ತಿಂಗಳ ಯುಪಿಐ ಪಟ್ಟಿ ತೆಗೆದು ಕೂಡಿಸಿದರೆ ಪ್ರತಿ ಮನೆಗೂ ತನ್ನ ಸೋರಿಕೆ ಎಲ್ಲಿದೆ ಎಂದು ತಿಳಿಯುತ್ತದೆ. ನಾವು ಇದಕ್ಕೆ ಒಂದೇ ಉಪಾಯ ಮಾಡಿದೆವು: ಪಗಾರ ಬಂದ ದಿನವೇ ಕಾರ್ಡಿನ ಕಂತು, ವರ್ಷದ ಖಾತೆ, ಬಾಡಿಗೆ, ಹಳ್ಳಿಗೆ ಕಳಿಸುವ ಹಣ ಇವನ್ನೆಲ್ಲ ಕಳುಹಿಸಿ, ಕಿರಾಣಿ, ಹಾಲು ಮತ್ತು ತರಕಾರಿಯ ಹಣವನ್ನು ನಗದಾಗಿ ತಂದು ನಾಲ್ಕು ವಾರಗಳ ನಾಲ್ಕು ಲಕೋಟೆಗಳಲ್ಲಿ ಹಂಚಿಟ್ಟೆವು. ಲಕೋಟೆ ಖಾಲಿಯಾದರೆ ಮುಂದಿನ ಸೋಮವಾರದವರೆಗೆ ಮನೆಯಲ್ಲಿದ್ದ ಬೇಳೆ ಕಾಳಿನಲ್ಲೇ ಅಡುಗೆ.

ಪಗಾರದ ದಿನವೇ ಕಟ್ಟುವುದರಲ್ಲಿ ಇನ್ನೊಂದು ಲಾಭವಿದೆ. ಕಾರ್ಡಿನ ಬಡ್ಡಿ ದಿನದ ಲೆಕ್ಕದಲ್ಲಿ ಬೀಳುತ್ತದೆ. ಕೊನೆಯ ದಿನಾಂಕ 18 ಎಂದು ಕಾಯ್ದು ಅಂದು 7,500 ಕಟ್ಟುವ ಬದಲು 1ನೇ ತಾರೀಕಿಗೇ ಕಟ್ಟಿದರೆ, ಆ 17 ದಿನಗಳಿಂದ ಸುಮಾರು 175 ರೂಪಾಯಿ ಉಳಿಯುತ್ತದೆ. ಆದರೆ ಒಂದು ಎಚ್ಚರಿಕೆ: ಹೊಸ ಸ್ಟೇಟ್‌ಮೆಂಟ್ ಬರುವುದಕ್ಕೆ ಮೊದಲೇ ಕಟ್ಟಿದ ಹಣ ಹಿಂದಿನ ತಿಂಗಳ ಲೆಕ್ಕಕ್ಕೆ ಸೇರಿ, ಹೊಸ ಸ್ಟೇಟ್‌ಮೆಂಟಿನ ಮಿನಿಮಮ್ ಹಾಗೆಯೇ ಬಾಕಿ ಉಳಿಯಬಹುದು, ಆದ್ದರಿಂದ ಸ್ಟೇಟ್‌ಮೆಂಟ್ ಯಾವ ದಿನ ಬರುತ್ತದೆ ಎಂಬುದನ್ನು ಗಮನಿಸಿ ಕಟ್ಟಬೇಕು. ಈ ದಿನಗಳು ಪಗಾರಕ್ಕೆ ಹೊಂದದಿದ್ದರೆ ಬಿಲ್ಲಿಂಗ್ ದಿನವನ್ನು ಬದಲಿಸಿಕೊಡಿ ಎಂದು ಕೇಳಿ. ರಿಸರ್ವ್ ಬ್ಯಾಂಕಿನ ಕಾರ್ಡ್ ನಿಯಮಗಳ ಪ್ರಕಾರ ಕನಿಷ್ಠ ಒಂದು ಸಲವಾದರೂ ಅದನ್ನು ಬದಲಿಸಿಕೊಳ್ಳುವ ಅವಕಾಶವನ್ನು ಬ್ಯಾಂಕು ಕೊಡಬೇಕು. ಅದೇ ನಿಯಮಗಳಂತೆ, ಕೊನೆಯ ದಿನ ಕಳೆದು ಮೂರು ದಿನಕ್ಕಿಂತ ಹೆಚ್ಚಾದ ಮೇಲೆ ಮಾತ್ರ ತಡಪಾವತಿ ಶುಲ್ಕ ಹಾಕಬಹುದು.

ಉಳಿದ ಸಾವಿರ ರೂಪಾಯಿ ಎಲ್ಲಿಂದ ಬಂತು ಎಂದರೆ, ಹಳ್ಳಿಗೆ ನಾವೆಲ್ಲರೂ ಬೈಕಿನಲ್ಲಿ ಎರಡು ಸುತ್ತು ಹೋಗುತ್ತಿದ್ದುದನ್ನು ಬಿಟ್ಟು ನಾನು ಮತ್ತು ಮಗಳು ಶಕ್ತಿ ಯೋಜನೆಯಡಿ ಬಸ್ಸಿನಲ್ಲಿ ಹೋಗತೊಡಗಿದೆವು, ಭಾನುವಾರದ ಹೊರಗಿನ ಊಟವನ್ನು ತಿಂಗಳಿಗೆ ಒಂದಕ್ಕೆ ಇಳಿಸಿದೆವು, ಎರಡು ಚಂದಾ ನಿಲ್ಲಿಸಿದೆವು. ಇದನ್ನು ವಿವರಿಸುವ ಅಗತ್ಯವಿಲ್ಲ. ಎಲ್ಲರ ಮನೆಯಲ್ಲೂ ಇಂಥ ಎರಡು ಮೂರು ಇರುತ್ತವೆ. ಕರೆಂಟಿನ ವಿಷಯ ಮಾತ್ರ ಬೇರೆಯಾಗಿ ಹೇಳಬೇಕು. ಗೃಹಜ್ಯೋತಿಯ ಮನೆಗಳಲ್ಲಿ ಬಳಕೆ 200 ಯೂನಿಟ್ ದಾಟಿದರೆ ಆ ತಿಂಗಳ ಬಿಲ್ಲನ್ನು ಪೂರ್ತಿಯಾಗಿ ನಾವೇ ಕಟ್ಟಬೇಕಾಗುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ವಾರಕ್ಕೊಮ್ಮೆ ಮೀಟರ್ ನೋಡಿ ಬರೆದಿಡುವ ಅಭ್ಯಾಸ ನಮ್ಮ ಜೆಸ್ಕಾಂ ಬಿಲ್ಲಿನಲ್ಲಿ ದೊಡ್ಡ ವ್ಯತ್ಯಾಸ ಮಾಡಿತು.

ನಮ್ಮ ಭಾಗದ ಇನ್ನೊಂದು ಅಭ್ಯಾಸದ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ಸುಗ್ಗಿಯಲ್ಲಿ ವರ್ಷದ ಜೋಳ ಮತ್ತು ದಾಲ್ ಮಿಲ್ಲಿನಿಂದ ವರ್ಷದ ತೊಗರಿಬೇಳೆ ಒಟ್ಟಿಗೆ ತಂದು ತುಂಬಿಸುವುದು ಜಾಣತನ ಎಂದು ನಾವೆಲ್ಲ ಕಲಿತಿದ್ದೇವೆ, ಮತ್ತು ಸಾಲವಿಲ್ಲದ ಮನೆಗೆ ಅದು ಜಾಣತನವೇ. ಆದರೆ ಕಾರ್ಡಿನ ಸಾಲವಿರುವ ವರ್ಷದಲ್ಲಿ, ಚೀಲದಲ್ಲಿ ಕುಳಿತ ಹಣಕ್ಕೂ ನಾವು ತಿಂಗಳಿಗೆ ನೂರಕ್ಕೆ ನಾಲ್ಕು ರೂಪಾಯಿ ಬಡ್ಡಿ ಕೊಡುತ್ತಿರುತ್ತೇವೆ. ವರ್ಷಪೂರ್ತಿ ಸಾಲ ಉಳಿಯುವುದಾದರೆ, ತಿಂತಿಂಗಳು ಕರಗುವ ದಾಸ್ತಾನಿನ ಲೆಕ್ಕ ಹಿಡಿದರೂ ಆ ಬಡ್ಡಿ ಖರೀದಿಯ ಬೆಲೆಯ ಸುಮಾರು ಕಾಲು ಭಾಗವಾಗುತ್ತದೆ. ಸುಗ್ಗಿಯ ದರ ಅಷ್ಟು ಅಗ್ಗವಿಲ್ಲದಿದ್ದರೆ ಆ ವರ್ಷ ತಿಂಗಳಿಗೆ ಬೇಕಾದಷ್ಟೇ ತರುವುದು ಲೇಸು. ಬ್ಯಾಂಕಿನ ಠೇವಣಿಗೂ ಇದೇ ಮಾತು ಅನ್ವಯಿಸುತ್ತದೆ: ವರ್ಷಕ್ಕೆ ಶೇ 7ರ ಆಸುಪಾಸಿನ ಬಡ್ಡಿ ತರುವ ಠೇವಣಿಯನ್ನು ಕಾಪಾಡಿಕೊಂಡು ಶೇ 42 ಕೊಡುವುದು ನಷ್ಟದ ವ್ಯಾಪಾರ. ಆಪತ್ತಿನ ಹಣ ಬಿಟ್ಟು ಉಳಿದ ಠೇವಣಿಯನ್ನು ಮುರಿದು ಕಾರ್ಡಿಗೆ ಕಟ್ಟಿ.

ಯಾವ ಕಾರ್ಡು ಮೊದಲು, ಬಂಗಾರದ ಮಾತು

ಒಂದಕ್ಕಿಂತ ಹೆಚ್ಚು ಕಾರ್ಡುಗಳಿದ್ದರೆ ಎಲ್ಲದಕ್ಕೂ ಮಿನಿಮಮ್ ಕಟ್ಟಿ, ಮಿಕ್ಕ ಹಣವನ್ನೆಲ್ಲ ಒಂದೇ ಕಾರ್ಡಿಗೆ ಸುರಿಯಬೇಕು. ಬಡ್ಡಿ ಹೆಚ್ಚಿರುವ ಕಾರ್ಡನ್ನು ಮೊದಲು ತೀರಿಸುವುದು ಲೆಕ್ಕದ ಪ್ರಕಾರ ಸರಿ. ನಮ್ಮಲ್ಲಿ ಒಂದರ ಮೇಲೆ 56,000, ಇನ್ನೊಂದರ ಮೇಲೆ 24,000 ಇತ್ತು. ಬಡ್ಡಿಯ ವ್ಯತ್ಯಾಸ ನೂರಕ್ಕೆ 25 ಪೈಸೆ, ಅಂದರೆ 24,000ದ ಮೇಲೆ ತಿಂಗಳಿಗೆ 60 ರೂಪಾಯಿ. ಇಷ್ಟು ಕಡಿಮೆ ವ್ಯತ್ಯಾಸವಿರುವಾಗ ಸಣ್ಣ ಸಾಲವನ್ನು ಮೊದಲು ಮುಗಿಸುವುದೇ ಮೇಲು ಎಂದು ನಿರ್ಧರಿಸಿದೆವು, ಏಕೆಂದರೆ ಒಂದು ಕಾರ್ಡು ಪೂರ್ತಿ ತೀರಿದ್ದನ್ನು ಕಣ್ಣಾರೆ ನೋಡಿದರೆ ಮನೆಯ ಎಲ್ಲರಿಗೂ ಧೈರ್ಯ ಬರುತ್ತದೆ. ಆರು ತಿಂಗಳಲ್ಲಿ ಸಣ್ಣದು ತೀರಿತು. ಆದರೆ ಅಷ್ಟರಲ್ಲಿ ದೊಡ್ಡದು 56,000ದಿಂದ 53,000ಕ್ಕೆ ಮಾತ್ರ ಇಳಿದಿತ್ತು.

ಆಗ ನಾನು ನನ್ನ ಬಳೆಗಳನ್ನು ಬ್ಯಾಂಕಿನಲ್ಲಿ ಅಡವಿಟ್ಟು ಸಾಲ ತೆಗೆದು ಕಾರ್ಡು ತೀರಿಸೋಣ ಎಂದೆ. ಬಂಗಾರ ಗಿರವಿ ಇಡುವುದೆಂದರೆ ಮನೆಯ ಮರ್ಯಾದೆ ಹೋದಂತೆ ಎಂದು ನಮ್ಮ ಮನೆಯವರಿಗೆ ಬಹಳ ಸಂಕಟವಾಯಿತು. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಬ್ಯಾಂಕಿನ ಬಂಗಾರದ ಸಾಲದ ಬಡ್ಡಿ ವರ್ಷಕ್ಕೆ ಶೇ 10ರ ಹತ್ತಿರವಿತ್ತು, ಕಾಕಾನ ಲೆಕ್ಕದಲ್ಲಿ ನೂರಕ್ಕೆ ಒಂದು ರೂಪಾಯಿಗಿಂತ ಕಡಿಮೆ. 53,000ವನ್ನು ಕಾರ್ಡಿನಲ್ಲೇ ಬಿಟ್ಟು 7,500ರಂತೆ ಕಟ್ಟಿದ್ದರೆ ಒಟ್ಟು ಸುಮಾರು 64,000 ಕೊಡಬೇಕಿತ್ತು. ಬಂಗಾರದ ಸಾಲಕ್ಕೆ ಬದಲಿಸಿ ಅದೇ 7,500 ಕಟ್ಟಿದಾಗ ಸುಮಾರು 55,000ದಲ್ಲಿ ಮುಗಿಯಿತು. ಎಂಟು ತಿಂಗಳಲ್ಲಿ ಬಳೆಗಳು ಮನೆಗೆ ಬಂದವು. ಇದನ್ನು ಮೊದಲ ತಿಂಗಳೇ ಮಾಡಬೇಕಿತ್ತು ಎಂದು ಈಗ ಅನ್ನಿಸುತ್ತದೆ.

ಬಂಗಾರವಿಲ್ಲದವರು ಪಗಾರದ ಆಧಾರದ ವೈಯಕ್ತಿಕ ಸಾಲ, ಸದಸ್ಯರಾಗಿರುವ ಸಹಕಾರಿ ಸಂಘದ ಸಾಲ, ಸ್ವಸಹಾಯ ಸಂಘದ ಸಾಲ ಇವುಗಳಲ್ಲಿ ಯಾವುದು ಅಗ್ಗವೋ ಅದನ್ನು ನೋಡಬಹುದು. ವರ್ಷಕ್ಕೆ ಶೇ 14ರಂತೆ 80,000 ರೂಪಾಯಿ ತೆಗೆದು 12 ಕಂತುಗಳಲ್ಲಿ ತೀರಿಸಿದರೆ ಕಂತು ಸುಮಾರು 7,180, ಒಟ್ಟು ಬಡ್ಡಿ ಸುಮಾರು 6,200. ಕಾರ್ಡಿನ ಬಾಕಿಯನ್ನೇ ಕಂತುಗಳಾಗಿ ಮಾಡಿಕೊಡುವ ಸೌಲಭ್ಯವನ್ನೂ ಕಾರ್ಡ್ ಕೊಟ್ಟ ಬ್ಯಾಂಕಿನಲ್ಲಿ ಕೇಳಬಹುದು, ಆದರೆ ಪ್ರಕ್ರಿಯಾ ಶುಲ್ಕ ಮತ್ತು ಜಿಎಸ್‌ಟಿ ಸೇರಿಸಿ ನೂರಕ್ಕೆ ಎಷ್ಟು ರೂಪಾಯಿ ಬೀಳುತ್ತದೆ ಎಂದು ಲೆಕ್ಕ ಹಾಕದೆ ಒಪ್ಪಬಾರದು. ಚೀಟಿ ಹಾಕುತ್ತಿರುವವರು ಈ ತಿಂಗಳೇ ಎತ್ತಿದರೆ ಎಷ್ಟು ಬಿಟ್ಟುಕೊಡಬೇಕಾಗುತ್ತದೆ ಎಂದು ಕಾರ್ಡಿನ ಬಡ್ಡಿಯ ಜೊತೆ ಹೋಲಿಸಿ ನೋಡಿ. ಫೋನಿನಲ್ಲಿ ಹತ್ತು ನಿಮಿಷದಲ್ಲಿ ಸಾಲ ಕೊಡುವ ಆ್ಯಪ್‌ಗಳಿಂದ ಮಾತ್ರ ಕಾರ್ಡಿನ ಸಾಲ ತೀರಿಸಬೇಡಿ. ಮತ್ತು ಯಾವ ದಾರಿ ಹಿಡಿದರೂ, ಖಾಲಿಯಾದ ಕಾರ್ಡನ್ನು ಮತ್ತೆ ಬಳಸಿದರೆ ಒಂದು ಸಾಲ ಇದ್ದ ಮನೆಯಲ್ಲಿ ಎರಡಾಗುತ್ತವೆ. ಬಂಗಾರದ ಸಾಲ ಕಟ್ಟದೆ ಬಿಟ್ಟರೆ ಹರಾಜಿಗೆ ಹೋಗುತ್ತದೆ ಎಂಬುದೂ ನೆನಪಿರಲಿ.

ಕಂತು ಕಟ್ಟಲಾಗದೆ ಈಗಾಗಲೇ ವಸೂಲಿಯ ಫೋನು ಬರುತ್ತಿದ್ದರೆ ಹೆದರಿ ಫೋನು ಬಂದ್ ಮಾಡಬೇಡಿ. ವಸೂಲಿಗೆಂದು ಬೆಳಿಗ್ಗೆ 8ಕ್ಕೆ ಮೊದಲು ಮತ್ತು ಸಂಜೆ 7ರ ನಂತರ ಫೋನು ಮಾಡುವಂತಿಲ್ಲ, ಬೆದರಿಸುವಂತಿಲ್ಲ, ನೆರೆಹೊರೆಯವರ ಮುಂದೆ ಅವಮಾನಿಸುವಂತಿಲ್ಲ ಎಂದು ರಿಸರ್ವ್ ಬ್ಯಾಂಕು ಹೇಳಿದೆ. ಬಂದ ಫೋನಿನ ದಿನ ಮತ್ತು ಸಮಯ ಬರೆದಿಟ್ಟು, ನಿಮ್ಮ ಬ್ಯಾಂಕಿಗೆ ಲಿಖಿತ ದೂರು ಕೊಡಿ. 30 ದಿನಗಳಲ್ಲಿ ಉತ್ತರ ಬರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ಗ್ರಾಹಕರ ದೂರು ಕೇಳುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು. ಅದಕ್ಕೆ ಶುಲ್ಕವಿಲ್ಲ, ಮಾಹಿತಿಗೆ 14448 ಸಂಖ್ಯೆಗೆ ಕರೆ ಮಾಡಬಹುದು. ಬಾಕಿಯಲ್ಲಿ ಅರ್ಧ ಕಟ್ಟಿ ಸೆಟಲ್ ಮಾಡಿಕೊಳ್ಳಿ ಎಂಬ ಮಾತು ಬಂದಾಗ, ಅದು ನಿಮ್ಮ ಸಾಲಗಳ ಚರಿತ್ರೆ ಇರುವ ಕ್ರೆಡಿಟ್ ವರದಿಯಲ್ಲಿ "ಸೆಟಲ್ಡ್" ಎಂದು ದಾಖಲಾಗುತ್ತದೆ, ಮುಂದೆ ಮನೆ ಸಾಲ ಕೇಳುವಾಗ ಅಡ್ಡ ಬರುತ್ತದೆ ಎಂದು ತಿಳಿದು ಒಪ್ಪಿಕೊಳ್ಳಬೇಕು. ಬೇರೆ ದಾರಿಯೇ ಇಲ್ಲದ ಮನೆಗೆ ಅದೂ ಒಂದು ದಾರಿ, ಆದರೆ ಒಪ್ಪಂದದ ಪತ್ರ ಕೈಗೆ ಬರದೆ ಒಂದು ರೂಪಾಯಿಯನ್ನೂ ಕಟ್ಟಬಾರದು.

ತೀರಿದ ಮೇಲೆ

ಕೊನೆಯ ಕಂತು ಕಟ್ಟಿದ ಮೇಲೂ ಮುಂದಿನ ಸ್ಟೇಟ್‌ಮೆಂಟಿನಲ್ಲಿ ಕೆಲವು ನೂರು ರೂಪಾಯಿ ಕಾಣಿಸಿಕೊಳ್ಳಬಹುದು. ಅದು ಹಿಂದಿನ ಸ್ಟೇಟ್‌ಮೆಂಟಿನಿಂದ ನೀವು ಕಟ್ಟಿದ ದಿನದವರೆಗಿನ ಬಡ್ಡಿ. ಅದನ್ನು ಕಟ್ಟಿ, ಅದರ ಮುಂದಿನದು ಸೊನ್ನೆಯಾಗಿ ಬಂದ ಮೇಲೆ ಕಾರ್ಡು ಮುಚ್ಚಲು ಲಿಖಿತವಾಗಿ ಕೇಳಿ. ಬಾಕಿ ಇಲ್ಲದಿದ್ದರೆ ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿಯಂತೆ ನಿಮಗೆ ಕೊಡಬೇಕು ಎಂದು ನಿಯಮವಿದೆ. ನಾವು ಎರಡನ್ನೂ ಮುಚ್ಚಿಸಿದೆವು. ತಮ್ಮ ಮೇಲೆ ಹಿಡಿತವಿರುವವರು ಒಂದನ್ನು ಉಳಿಸಿಕೊಳ್ಳಬಹುದು, ಆದರೆ ಅದಕ್ಕೆ ಪೂರ್ತಿ ಬಾಕಿಯ ಆಟೊ ಡೆಬಿಟ್ ಜೋಡಿಸಿರಬೇಕು.

ಬಾಕಿ ಇಲ್ಲವೆಂಬ ಪತ್ರವನ್ನು ತೆಗೆದುಕೊಂಡು ಜೋಪಾನವಾಗಿಡಿ, ಮತ್ತು ಎರಡು ತಿಂಗಳ ನಂತರ ಕ್ರೆಡಿಟ್ ವರದಿಯನ್ನು ತೆಗೆದು ನೋಡಿ; ಈ ವರದಿ ತಯಾರಿಸುವ ಪ್ರತಿ ಸಂಸ್ಥೆಯೂ ವರ್ಷಕ್ಕೆ ಒಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ನಮ್ಮ ವರದಿಯಲ್ಲಿ ಸಣ್ಣ ಕಾರ್ಡು ತೀರಿ ಎಷ್ಟೋ ತಿಂಗಳಾದರೂ ಇನ್ನೂ ಬಾಕಿ ಇದೆ ಎಂದೇ ಇತ್ತು. ಆ ಪತ್ರದ ಪ್ರತಿ ಲಗತ್ತಿಸಿ ತಿದ್ದುಪಡಿಗೆ ಅರ್ಜಿ ಹಾಕಿದೆವು. ಇಂಥ ಅರ್ಜಿಯನ್ನು 30 ದಿನಗಳಲ್ಲಿ ಇತ್ಯರ್ಥ ಮಾಡದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ ಈಗ ಇದೆ. ನಮಗೆ ಮೂರನೆಯ ವಾರದಲ್ಲಿ ತಿದ್ದಿದ ವರದಿ ಬಂತು; ಅದನ್ನು ಅದೇ ನೋಟುಬುಕ್ಕಿನ ಕೊನೆಯ ಪುಟಕ್ಕೆ ಅಂಟಿಸಿದ್ದೇನೆ. ವರ್ಷದ ಖರ್ಚಿನ ಖಾತೆಗೆ ತಿಂಗಳಿಗೆ 3,000 ಈಗಲೂ ಹೋಗುತ್ತಿದೆ.